ಗಂಟೆಯೊಳಗಿನ ನೀರು

ನನ್ನ ಮಗಳ ಮೇಲೆ ಕಳ್ಳತನದ ಆರೋಪ ಬಂದಾಗ ಅವಳಿಗೆ ಐದು ವರ್ಷ. ಓನರ್ ಬೈಲಪ್ಪನವರ ಮೊಮ್ಮಗನ ಮಾತನ್ನು ಅವಳು ಕದ್ದಿದ್ದಾಳೆ ಎಂದರು.

ಕದ್ದು ಎಲ್ಲಿಟ್ಟಿದ್ದಾಳೆ ಎಂದು ನಾನು ಕೇಳಬೇಕಿತ್ತು. ಪ್ರಿಯದರ್ಶಿನಿಯ ಬಾಯಲ್ಲಿ ಆಗ ಇದ್ದದ್ದು ಮೂರು ಸದ್ದು. ‘ಅವ’ ಎಂದರೆ ನಾನು. ‘ಪಾ’ ಎಂದರೆ ಅವಳಪ್ಪ. ‘ಈ’ ಎಂದರೆ ನೀರು, ನಾಯಿ, ಬಸ್ಸು, ಹಸಿವು, ಸಿಟ್ಟು, ಉಳಿದ ಇಡೀ ಲೋಕ. ತನ್ನ ಹೆಸರು ಅವಳಿಗೆ ಬರುವುದಿಲ್ಲ. ಅಷ್ಟುದ್ದದ ಹೆಸರಿಟ್ಟವನು ಅವಳಪ್ಪ ಶಿವಪುತ್ರ. ಶಾಲೆಯಲ್ಲಿ ಹಾಜರಿ ಕೂಗುವಾಗ ಮೇಷ್ಟ್ರು ಬಾಯಿ ತುಂಬ ಕೂಗಲಿ ಎಂದು ಇಟ್ಟನಂತೆ.

ನಾವು ಯಾದಗಿರಿ ಕಡೆಯವರು. ಹೊರಮಾವಿನಲ್ಲಿ ಬೈಲಪ್ಪನವರ ಸಾಲುಮನೆಯಲ್ಲಿ ನಮ್ಮದೊಂದು ಕೋಣೆ. ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಹನ್ನೆರಡು ಕೋಣೆಗಳು, ಹನ್ನೆರಡಕ್ಕೂ ಒಂದೇ ನಲ್ಲಿ. ಅಂಗಳದ ಆಚೆ ಓನರ್ ಮನೆ, ಮೂರು ಅಂತಸ್ತು. ಒಂದು ಕಾಲಕ್ಕೆ ಇದೇ ಜಾಗದಲ್ಲಿ ಅವರು ರಾಗಿ ಬೆಳೆಯುತ್ತಿದ್ದರಂತೆ. ಈಗ ನಮ್ಮನ್ನು ಬೆಳೆಯುತ್ತಾರೆ.

ಶಿವಪುತ್ರ ದೊಡ್ಡನೆಕ್ಕುಂದಿಯ ಕಟ್ಟಡವೊಂದರಲ್ಲಿ ಕಂಬಿ ಕಟ್ಟುತ್ತಾನೆ. ನಾನು ಮೊದಲು ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಮಾಡುತ್ತಿದ್ದೆ. ಅಲ್ಲಿ ಕೆಲಸದ ಹೊತ್ತಿನಲ್ಲಿ ಮಾತಾಡುವ ಹಾಗಿರಲಿಲ್ಲ. ಎಂಟು ಗಂಟೆ ಬಾಯಿ ಹೊಲಿದುಕೊಂಡು ಕಮೋಡು ತಿಕ್ಕಬೇಕು. ಮಗಳಿಗೆ ಮೂರು ತುಂಬಿದಾಗ ಒಂದು ದೊಡ್ಡ ಆಸ್ಪತ್ರೆಗೆ ತೋರಿಸಿದೆವು. ಕಿವಿ ಸರಿಯಿದೆ ಎಂದರು. ಆಮೇಲೆ ಡಾಕ್ಟರು ನನ್ನ ಮುಖ ನೋಡಿ ಕೇಳಿದರು: “ಮನೇಲಿ ಮಗು ಜೊತೆ ಮಾತೇ ಆಡಲ್ವಾ ನೀವು?”

ಆ ಮಾತು ನನ್ನ ಎದೆಯಲ್ಲಿ ಮೊಳೆಯ ಹಾಗೆ ಕೂತಿತು. ವಾರಕ್ಕೆರಡು ಸಲ ತರಬೇತಿಗೆ ಕರೆತನ್ನಿ ಎಂದರು. ಎರಡು ವಾರ ಹೋದೆ. ಮೂರನೇ ವಾರ ಟೆಕ್ ಪಾರ್ಕಿನ ಸೂಪರ್‌ವೈಸರ್ ನನ್ನ ಗುರುತಿನ ಚೀಟಿ ಕಿತ್ತುಕೊಂಡ.

ಆಗ ಹುಡುಕಿ ಹುಡುಕಿ ಈ ಕೆಲಸ ಹಿಡಿದೆ. ಇಂದಿರಾನಗರದಲ್ಲಿ, ಮಾತು ತೊಡಕುವ ಮಕ್ಕಳಿಗೆ ಮಾತು ಕಲಿಸುವ ಖಾಸಗಿ ಕ್ಲಿನಿಕ್ಕು. ಅಲ್ಲಿ ನೆಲ ಒರೆಸುವವಳು ಬೇಕಾಗಿತ್ತು. ಮಗುವನ್ನು ಕರೆದುಕೊಂಡು ಆ ಬಾಗಿಲಿನೊಳಗೆ ಕೂರುವ ತಾಕತ್ತು ನಮಗಿರಲಿಲ್ಲ. ಬಕೆಟ್ಟು ಹಿಡಿದು ಒಳಗೆ ಹೋಗಬಹುದಿತ್ತು. ಹೋದೆ.

ಕೋಣೆಗಳಿಗೆ ಗಾಜಿನ ಗೋಡೆ. ಗಾಜಿನ ಮುಂದಿನ ನೆಲವನ್ನು ನಾನು ದಿನಕ್ಕೆ ಆರು ಸಲ ಒರೆಸುತ್ತಿದ್ದೆ. ನೆಲ ಅಷ್ಟು ಕೊಳೆಯಾಗಿರಲಿಲ್ಲ. ಒಳಗೆ ಆಬಿದಾ ಮೇಡಂ ಮಗುವನ್ನು ಕನ್ನಡಿಯ ಮುಂದೆ ಕೂರಿಸಿ, ಬೆರಳಿನಿಂದ ತುಟಿ ಮುಟ್ಟಿ ‘ಪ’ ಹೇಳಿಸುತ್ತಿದ್ದರು. ನಾನು ಹೊರಗೆ ಬಗ್ಗಿ ನೋಡುತ್ತಿದ್ದೆ. ಬಾಯಿ ಎಷ್ಟು ತೆರೆಯಬೇಕು, ಬೆರಳು ಎಲ್ಲಿಡಬೇಕು, ಮಗು ತಪ್ಪಿದರೆ ಏನು ಹೇಳಬಾರದು. ಸಂಜೆ ಬಂದು ಮಗಳ ಮುಂದೆ ಕೂತು ಅದನ್ನೇ ಮಾಡುತ್ತಿದ್ದೆ. ‘ಪಾ’ ಬರಲಿಕ್ಕೆ ಏಳು ತಿಂಗಳು ಹಿಡಿಯಿತು.

ಒಂದು ದಿನ ನನಗೇ ತಿಳಿಯದೆ ಗಾಜಿನ ಮುಂದೆ ನನ್ನ ತುಟಿಯೂ ಆಡುತ್ತಿತ್ತು. ಆಬಿದಾ ಮೇಡಂ ತಿರುಗಿ ನೋಡಿದರು. ಹೊರಗೆ ಬಂದು ಕೇಳಿದರು, “ಯಾರಿಗೋಸ್ಕರ ಕಲೀತಿದೀರಾ?”

“ಯಾರಿಗೂ ಇಲ್ಲ ಮೇಡಂ. ಆಕಳಿಕೆ ಬಂತು.”

ಅವರು ಒಳಗೆ ಹೋದರು. ಮರುದಿನದಿಂದ ನಾನು ಬಂದಾಗಲೆಲ್ಲ ಬಾಗಿಲನ್ನು ಒಂದು ಗೇಣು ತೆರೆದಿಡತೊಡಗಿದರು. ಸದ್ದು ಹೊರಗೆ ಕೇಳುತ್ತಿತ್ತು. ಮಕ್ಕಳ ತಾಯಂದಿರಿಗೆ ಬಿಡಿಸಿ ಹೇಳುವಾಗ ದನಿ ತುಸು ಏರಿಸುತ್ತಿದ್ದರು: “ಬುದ್ಧಿ ಕಮ್ಮಿ ಅಲ್ಲ ಇದು. ಮಾತು ತಲೇಲಿದೆ. ತಲೆಯಿಂದ ನಾಲಿಗೆಗೆ ಬರೋ ದಾರಿ ಅವನಿಗೆ ಸಿಕ್ತಿಲ್ಲ. ದಿನಾ ದಾರಿ ತುಳೀಬೇಕು, ಅಷ್ಟೆ.” ನಾನು ಕೇಳಿಸಿಕೊಂಡೆ. ಆದರೆ ನಂಬಲಿಲ್ಲ, ಆ ತೆರೆದ ಬಾಗಿಲನ್ನು. ನನ್ನನ್ನು ಹಿಡಿಯಲು ಇಟ್ಟ ಬೋನು ಇರಬಹುದು ಎಂದುಕೊಂಡೆ. ನಮ್ಮಂಥವರಿಗೆ ಬಾಗಿಲು ಸುಮ್ಮನೆ ತೆರೆದಿರುವುದಿಲ್ಲ.

ಬೈಲಪ್ಪನವರ ಸೊಸೆ ಶ್ವೇತಳನ್ನು ನಾನು ಕಂಡದ್ದು ಅಲ್ಲೇ. ಮಗ ಮೌರ್ಯನ ಕೈ ಹಿಡಿದು ಒಳಗೆ ಬಂದಳು. ನಾಲ್ಕು ವರ್ಷದ ಹುಡುಗ. ನನ್ನ ಕೈಯಲ್ಲಿ ಮಾಪು. ನನ್ನನ್ನು ನೋಡಿದವಳು ಕಪ್ಪು ಕನ್ನಡಕ ತೆಗೆಯಲೇ ಇಲ್ಲ. ವಾರಕ್ಕೆ ಮೂರು ದಿನ ಬರುತ್ತಿದ್ದಳು. ಮನೆಯಲ್ಲಿ ಹೇಳಿದ್ದು ಮಗನಿಗೆ ಈಜು ಕಲಿಸಲು ಹೋಗುತ್ತೇನೆ ಎಂದು. ವಾಪಸು ಹೊರಡುವ ಮುಂಚೆ ಟಾಯ್ಲೆಟ್ಟಿನ ನಲ್ಲಿಯಲ್ಲಿ ಹುಡುಗನ ತಲೆ ಒದ್ದೆ ಮಾಡುತ್ತಿದ್ದಳು. ನೆಲಕ್ಕೆ ಬಿದ್ದ ಆ ನೀರನ್ನೂ ಒರೆಸುತ್ತಿದ್ದವಳು ನಾನೇ.

ಒಂದು ಸಂಜೆ ಅಂಗಳದಲ್ಲಿ ಹತ್ತಿರ ಬಂದಳು. “ನೋಡು, ಎಲ್ಲೂ ಬಾಯಿ ಬಿಡ್ಬೇಡ. ನಮ್ಮತ್ತೆಗೆ ಗೊತ್ತಾದ್ರೆ ನಮ್ಮ ತವರಿಂದ ಬಂದಿದ್ದು ಅಂತಾರೆ.”

“ನಾನ್ಯಾಕ ಹೇಳ್ಲಿ ಅಕ್ಕಾರ.”

ಅವಳ ಮಗನಿಗೂ ನನ್ನ ಮಗಳಿಗೂ ಇರುವುದು ಒಂದೇ ತೊಡಕು ಎಂದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿತ್ತೋ ಇಲ್ಲವೋ. ಅಂಗಳದಲ್ಲಿ ನನ್ನ ಮಗಳು ಎದುರಾದರೆ ಮಗನನ್ನು ಎತ್ತಿಕೊಂಡು ಬೇಗ ಮೆಟ್ಟಿಲು ಹತ್ತುತ್ತಿದ್ದಳು.

ಗಂಟೆ ನೀರಿನ ಮಾತು ತೆಗೆದದ್ದು ಅವಳ ಅತ್ತೆ ಬೈರಮ್ಮ. ಅವರ ಹಳೇ ಊರಿನ ಊರಮ್ಮನ ಗುಡಿಯಲ್ಲಿ ಒಂದು ದೊಡ್ಡ ಕಂಚಿನ ಗಂಟೆ. ಯುಗಾದಿ ಕಳೆದ ಮೊದಲ ಶುಕ್ರವಾರ ಅದನ್ನು ಇಳಿಸಿ, ಹುಣಸೆಹಣ್ಣು ಹಾಕಿ ಬೆಳಗಿ, ಬಾಯಿ ಮೇಲೆ ಮಾಡಿ ನಿಲ್ಲಿಸಿ ನೀರು ತುಂಬುತ್ತಾರೆ. ಮಾತು ತಡವಾದ ಮಕ್ಕಳು ಅದರ ಅಂಚಿಗೆ ಬಾಯಿಟ್ಟು ಮೂರು ಗುಟುಕು ಕುಡಿಯಬೇಕು. ವರ್ಷವೆಲ್ಲ ಬಾರಿಸಿದ ನಾದ ನೀರಿಗಿಳಿದಿರುತ್ತದೆ, ನೀರಿನಿಂದ ನಾಲಿಗೆಗೆ ಬರುತ್ತದೆ ಎಂದು ನಂಬಿಕೆ.

“ಏ ಯಾದಗಿರಿ,” ಎಂದರು ಬೈರಮ್ಮ. ನನ್ನ ಹೆಸರು ಅವರಿಗೆ ಇವತ್ತಿಗೂ ಗೊತ್ತಿಲ್ಲ. “ನಿನ್ ಹುಡ್ಗೀನೂ ಕರ್ಕೊಂಡ್ ಬಾ ಶುಕ್ರವಾರ. ನಮ್ ಮೌರ್ಯನ್ನೂ ಕುಡಿಸ್ತೀವಿ. ಅವ್ನಿಗೇನಿಲ್ಲ, ಸ್ವಲ್ಪ ನಾಚಿಕೆ.”

ಯಾಕೆ ಇಷ್ಟು ಪ್ರೀತಿ ಎಂದು ಅನುಮಾನ ಬಂತು. ಆದರೂ ಹೋದೆ. ಕ್ಲಿನಿಕ್ಕಿನ ಗಾಜಿನ ಮುಂದೆ ಬಗ್ಗಿದ ಬೆನ್ನೇ ಗುಡಿಯ ಮುಂದೆಯೂ ಬಗ್ಗಿತು. ಮಗಳ ಬಾಯಿ ಬಿಚ್ಚುತ್ತದೆ ಎಂದರೆ ನಾನು ಯಾವ ಬಾಗಿಲಿಗೂ ಹೋಗುವವಳು.

ಗುಡಿಯ ಮುಂದೆ ಏಳೆಂಟು ಮಕ್ಕಳಿದ್ದರು, ಎಲ್ಲ ಅಳುತ್ತಿದ್ದರು. ಪ್ರಿಯದರ್ಶಿನಿ ಒಬ್ಬಳೇ ಅಳದೆ ಗಂಟೆಯನ್ನು ಬೆರಗಿನಿಂದ ನೋಡುತ್ತ ನಿಂತಿದ್ದಳು. ಪೂಜಾರಿ ದೊಡ್ಡಮುನಿಯಪ್ಪ ಹತ್ತಿರವಿದ್ದ ಅವಳನ್ನೇ ಮೊದಲು ಎತ್ತಿ ಕುಡಿಸಿದ. ಅವಳ ಹಿಂದೆ ಮೌರ್ಯ ಕುಡಿದ. ಆಮೇಲೆ ದೊಡ್ಡಮುನಿಯಪ್ಪ ಹರಕೆ ಹೇಳಲು ನನ್ನ ಕಡೆ ತಿರುಗಿದ.

“ನಿಮ್ ಮನೆದೇವ್ರು ಯಾವ್ದಮ್ಮ?”

ಮನೆದೇವರನ್ನು ಕೇಳುವುದು ಜಾತಿ ಕೇಳುವ ಮರ್ಯಾದಸ್ಥರ ದಾರಿ. ನನಗದು ಗೊತ್ತಿಲ್ಲದ್ದಲ್ಲ. ಬೆಂಗಳೂರಿನ ಬಸ್ಸು ಹತ್ತುವಾಗ ನನ್ನವ್ವ ಹತ್ತು ಸಲ ಹೇಳಿದ್ದಳು, ಯಾರರ ಕೇಳಿದ್ರ ಮೈಲಾರಲಿಂಗ ಅನ್ನು, ಬ್ಯಾರೆ ಹೆಸರು ಬಾಯಾಗ ಬರಬಾರದು ಎಂದು. ಆದರೆ ನಾನು ಬೆಳೆದದ್ದು ಆಯಿಯ ತೊಡೆಯ ಮೇಲೆ. ಆಯಿ ಜಟ್ಟೆಮ್ಮ ಎಂದರೆ ನನ್ನಪ್ಪನ ತಾಯಿ. ದಿನಕ್ಕೊಂದು ಕಥೆ ಹೇಳುತ್ತಿದ್ದಳು. ಎಲ್ಲ ಕಥೆಯಲ್ಲೂ ಮಾತಂಗೆವ್ವ ಬರುತ್ತಿದ್ದಳು. ಬೇವಿನ ಮರದ ಕೆಳಗೆ ಕೂತು ಎಲೆಯಡಿಕೆ ಹಾಕುವ, ರಾಜನನ್ನು ಬೈಯುವ, ಮಕ್ಕಳ ಮೂಗು ಒರೆಸುವ ಮಾತಂಗೆವ್ವ. ದೇವರ ಮುಂದೆ ನಿಂತು ದೇವರ ಹೆಸರು ಕೇಳಿದರೆ ನನಗೆ ಸುಳ್ಳು ಹೊಳೆಯಲಿಲ್ಲ.

“ಮಾತಂಗೆವ್ವ ರೀ,” ಎಂದೆ. ಹೆಮ್ಮೆಯಿಂದಲೇ ಎಂದೆ.

ದೊಡ್ಡಮುನಿಯಪ್ಪನ ಕೈ ಗಂಟೆಯ ಮೇಲೆ ನಿಂತುಬಿಟ್ಟಿತು. ಬೈರಮ್ಮ ಮೌರ್ಯನ ತುಟಿಯನ್ನು ಸೆರಗಿನಿಂದ ತಿಕ್ಕಿದರು. ತಿಕ್ಕಿ ತಿಕ್ಕಿ ಹುಡುಗ ಕಿರುಚಿದ. ಉಳಿದ ಮಕ್ಕಳಿಗೆ ನೀರು ಕುಡಿಸಲಿಲ್ಲ. ಚೆಲ್ಲಿಬಿಟ್ಟರು.

ಆ ಸಂಜೆ ನಾನೂ ಬೇರೊಂದು ಹೆದರಿಕೆಯಲ್ಲಿದ್ದೆ. ಆಯಿಯ ಒಂದು ಕಥೆ ನೆನಪಾಗಿತ್ತು. ಊರ ಹೊರಗಿನ ಬಾವಿ, ಬಾವಿಯ ಮೆಟ್ಟಿಲಲ್ಲಿ ಮಾತಿಲ್ಲದ ಒಂದು ಹೆಣ್ಣುದೆವ್ವ. ದಾರಿಹೋಕರು ಕುಡಿದು ಬಿಟ್ಟ ಬೊಗಸೆ ನೀರನ್ನು ಅದು ನೆಕ್ಕುತ್ತದೆ. ನೆಕ್ಕಿದಷ್ಟು ಮಾತು ಅದಕ್ಕೆ. ಕುಡಿದವನು ಮನೆ ಮುಟ್ಟುವಷ್ಟರಲ್ಲಿ ಹೆಂಡತಿಯ ಹೆಸರು ಮರೆತಿರುತ್ತಾನೆ. ಕಥೆಯ ನ್ಯಾಯದಲ್ಲಿ ಮಾತು ಹೋಗುವುದು ಮೊದಲು ಕುಡಿದವರದು, ಸಿಗುವುದು ಆಮೇಲೆ ಕುಡಿದವರಿಗೆ. ನನ್ನ ಮಗಳು ಮೊದಲು ಕುಡಿದಿದ್ದಳು. ನನ್ನ ಸೊಂಟ ಮುರಿದು ಕೂಡಿಸಿದ ಮೂರು ಸದ್ದು ಅವನ ಬಾಯಿಗೆ ಹೋದರೆ? ಕೋಣೆಗೆ ಬಂದವಳೇ ಅವಳನ್ನು ಕೂರಿಸಿ ಹೇಳಿಸಿದೆ. ಅವ. ಪಾ. ಈ. ಮೂರೂ ಇದ್ದವು. ಆಗ ಉಸಿರು ಬಂತು. ಇದನ್ನು ಇವತ್ತು ನಾಚಿಕೆಯಿಂದ ಬರೆಯುತ್ತಿದ್ದೇನೆ. ಅನುಮಾನದ ರೋಗ ಅವರಿಗೊಬ್ಬರಿಗೇ ಇರಲಿಲ್ಲ.

ಒಂದು ತಿಂಗಳಿಗೆ ಓನರ್ ಮನೆಯಲ್ಲಿ ನೆಂಟರ ನಾಮಕರಣ. ಮೈಕು ತಂದಿದ್ದರು. ಯಾರೋ ಮೌರ್ಯನ ಕೈಗೆ ಮೈಕು ಕೊಟ್ಟು ಪದ್ಯ ಹೇಳು ಎಂದರು. ಹುಡುಗನ ಬಾಯಿಂದ ‘ಗ, ಗ’ ಎಂದು ಬಂದು ನಿಂತಿತು. ನೂರು ಜನ ನಕ್ಕರು. ಹುಡುಗ ಅಲ್ಲೇ ಚಡ್ಡಿ ಒದ್ದೆ ಮಾಡಿಕೊಂಡ. ನಾಚಿಕೆ ಎಂಬ ಕಾರಣ ಇನ್ನು ನಡೆಯುವ ಹಾಗಿರಲಿಲ್ಲ. ಬೈರಮ್ಮನಿಗೆ ಬೇರೆ ಕಾರಣ ಬೇಕಾಗಿತ್ತು. ಅಂಗಳದ ಈಚೆಗೆ ಸಿಕ್ಕಿತು.

ಅಲ್ಲಿಂದ ಸಾಲುಮನೆಯ ಕಣ್ಣು ಬದಲಾಯಿತು. ಪಕ್ಕದ ಕೋಣೆಯ ಜಯಮಾಲಾ ಆಳಂದದವಳು, ಜಾತಿಯಲ್ಲಿ ನಮಗಿಂತ ಮೇಲು. ನಾನು ಕೆಲಸದಿಂದ ಬರುವವರೆಗೆ ಮಗಳು ಅವಳ ಹೊಸ್ತಿಲಲ್ಲೇ ಆಡುತ್ತಿದ್ದಳು. ಒಂದು ದಿನ ಬಂದು ನೋಡಿದರೆ ಮಗಳು ನಲ್ಲಿಯ ಹತ್ತಿರ ಬಿಸಿಲಲ್ಲಿ ಒಬ್ಬಳೇ ಕೂತಿದ್ದಾಳೆ.

“ತಪ್ಪು ತಿಳಕೋಬ್ಯಾಡ,” ಎಂದಳು ಜಯಮಾಲಾ, ಬಾಗಿಲು ಅರ್ಧ ಮುಚ್ಚಿಕೊಂಡೇ. “ನನ್ನ ಮಗ ಈಗಷ್ಟೇ ಚಂದ ಮಾತಾಡ್ಲಿಕ್ಕತ್ಯಾನ. ಇದು ಅಂಟ್ತದಂತಲ್ಲ?”

“ಯಾರಂದ್ರು?”

“ಎಲ್ಲಾರೂ ಅಂತಾರ.”

ಭಾನುವಾರ ಹತ್ತು ಗಂಟೆಗೆ ಬೈಲಪ್ಪನವರು ಎಲ್ಲರನ್ನೂ ಅಂಗಳಕ್ಕೆ ಕರೆಸಿದರು. ತಾವು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಬೈರಮ್ಮ ಒಂದು ಬಾಳೆಯೆಲೆ ತಂದು ನೆಲದ ಮೇಲಿಟ್ಟರು. ಎಲೆಯಲ್ಲಿ ಮೊಸರನ್ನ. ಒಂದು ಮೂಲೆಯಲ್ಲಿ ಮೌರ್ಯ ತಿಂದು ಬಿಟ್ಟ ಗುರುತು, ಸಣ್ಣ ಬೆರಳುಗಳ ಗೀರು. ಶ್ವೇತ ಮಗನನ್ನು ಸೊಂಟದ ಮೇಲಿಟ್ಟುಕೊಂಡು ಮೆಟ್ಟಿಲಲ್ಲಿ ನಿಂತಿದ್ದಳು.

“ಶಾಸ್ತ್ರ ಕೇಳಿಸಿದೀವಿ,” ಎಂದರು ಬೈಲಪ್ಪನವರು. ದನಿ ಮೆತ್ತಗಿತ್ತು. “ನಿನ್ ಮಗಳ ಎಂಜ್ಲು ನಮ್ ಹುಡುಗನ ಹೊಟ್ಟೆಗೆ ಹೋಯ್ತು. ಮಾತು ನಿಂತೋಯ್ತು. ಈಗ ಅವನ ಎಂಜ್ಲು ಇವಳು ತಿಂದ್ರೆ ಸರಿಹೋಗುತ್ತೆ. ತಿನ್ಸು. ಆಮೇಲೆ ಸಂಜೆಯೊಳಗೆ ರೂಮ್ ಖಾಲಿ ಮಾಡ್ಕೊಂಡು ಬೇರೆ ಕಡೆ ನೋಡ್ಕೊಳಿ. ನಾವೇನ್ ಹೊಡೀತಿಲ್ವಲ್ಲಮ್ಮಾ. ಬೈತಿಲ್ಲ.”

ಶಿವಪುತ್ರ ನನ್ನ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಅವನ ಅಂಗೈ ತುಂಬ ಕಂಬಿ ಕೊಯ್ದ ಗಾಯ. ಪಿಸುಗುಟ್ಟಿದ: “ಒಂದು ತುತ್ತು ತಿಂತಾಳ, ಬಿಡು. ತಿಂದ್ರ ಕೈಕಾಲು ಹಿಡಿದು ರೂಮ್ ಉಳಿಸ್ಕೋಬೌದು. ಜೂನಿಗೆ ಇಕಿನ್ನ ಇಲ್ಲೇ ಶಾಲಿಗೆ ಹಾಕಬೇಕಂದಿದ್ದೆ ನೀ.”

ಹೌದು, ಅಂದಿದ್ದೆ. ಬುದ್ಧಿಮಾಂದ್ಯ ಎಂದು ಬರೆಯದೆ ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳುತ್ತೇನೆ ಎಂದ ಒಬ್ಬರೇ ಒಬ್ಬರು ಹೆಡ್‌ಮೇಷ್ಟ್ರು ಸಿಕ್ಕಿದ್ದರು. ಆ ಶಾಲೆ ಎರಡು ಬೀದಿ ಆಚೆ.

ಅಷ್ಟರಲ್ಲಿ ಪ್ರಿಯದರ್ಶಿನಿ ಎಲೆಯ ಮುಂದೆ ಕೂತುಬಿಟ್ಟಿದ್ದಳು. ಅವಳಿಗೆ ಮೊಸರನ್ನ ಇಷ್ಟ. ಓನರ್ ಮನೆಯವರು ತನ್ನನ್ನು ಊಟಕ್ಕೆ ಕರೆದಿದ್ದಾರೆ ಎಂದುಕೊಂಡಿದ್ದಳು. ಬೈರಮ್ಮನ ಮುಖ ನೋಡಿ ನಕ್ಕಳು. ಹಲ್ಲು ಕಾಣುವ ಹಾಗೆ ನಕ್ಕು, ಕೈ ಚಾಚಿದಳು.

ನಾನು ಆ ಕೈ ಹಿಡಿದೆ.

“ಬ್ಯಾಡ.”

“ಏನಂದೆ?” ಎಂದರು ಬೈರಮ್ಮ.

“ತಿನ್ನಂಗಿಲ್ಲ ಆಕಿ. ಆಕಿ ಏನೂ ಕದ್ದಿಲ್ಲ. ಇದು ಎಂಜಲಿಂದ ಬರಲ್ಲ ಅಮ್ಮಾರ. ಅಂಟಲ್ಲ. ದೆವ್ವ ಅಲ್ಲ, ಶಾಪ ಅಲ್ಲ. ಮಾತು ತಲಿಯಾಗ ಅದ. ಬಾಯಿಗಿ ಬರೋ ದಾರಿ ಸಿಗವಲ್ದು ಅಷ್ಟೇ. ದಿನಾ ಕೂತು ಕಲಸಿದ್ರ ಬರ್ತದ.”

“ಓಹೋ. ನೀನೇನ್ ಡಾಕ್ಟ್ರಾ? ನೆಲ ಒರ್ಸೋಳು.”

“ಹೌದ್ರಿ. ನೆಲ ಒರಸ್ತಾನೇ ಕಲ್ತೀನಿ.”

“ಎಲ್ಲಿ ಕಲ್ತೆ? ಯಾವ ಕಾಲೇಜು?” ಎಂದರು ಬೈಲಪ್ಪನವರು. ನಾಲ್ಕು ಜನ ನಕ್ಕರು.

ಎಲ್ಲಿ ಎಂದು ಹೇಳಿದರೆ ಸಾಕಿತ್ತು. ಇಂದಿರಾನಗರ, ಗಾಜಿನ ಕೋಣೆ, ಈಜು ಕ್ಲಾಸು, ಒದ್ದೆ ಮಾಡಿದ ತಲೆ. ಗಂಟೆ ನೀರು ಕುಡಿಯುವುದಕ್ಕೆ ಒಂದು ವರ್ಷ ಮುಂಚಿನಿಂದ ಆ ಹುಡುಗ ಅಲ್ಲಿಗೆ ಬರುತ್ತಿದ್ದಾನೆ. ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಮೆಟ್ಟಿಲ ಕಡೆ ನೋಡಿದೆ. ಶ್ವೇತಳ ಮುಖ ಸುಣ್ಣದ ಹಾಗಾಗಿತ್ತು. ಮೌರ್ಯ ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿದ್ದ. ನಾನು ಬಾಯಿ ಬಿಟ್ಟರೆ ಮುಂದಿನ ಗಳಿಗೆಯಲ್ಲಿ ಎಲೆಯ ಮುಂದೆ ನಿಲ್ಲಿಸುವುದು ಅವನನ್ನು. ಒಂದು ಮೈಕಿಗೇ ಚಡ್ಡಿ ಒದ್ದೆ ಮಾಡಿಕೊಂಡ ಕೂಸು.

“ಅಕ್ಕಾರ,” ಎಂದೆ, “ನೀವೇ ಹೇಳ್ರಿ. ನಿಮಗ ಗೊತ್ತದ.”

ಎಲ್ಲರೂ ತಿರುಗಿ ಶ್ವೇತಳನ್ನು ನೋಡಿದರು. ಇಂಗ್ಲಿಷು, ತೆಲುಗು, ಕನ್ನಡ ಮೂರೂ ಸರಾಗವಾಗಿ ಆಡುವವಳು. ತಲೆ ತಗ್ಗಿಸಿದಳು. “ನಂಗೇನ್ ಗೊತ್ತು?” ಎಂದಳು. ಮೆಟ್ಟಿಲು ಹತ್ತಿ ಒಳಗೆ ಹೋದಳು.

ನನಗೆ ಆಶ್ಚರ್ಯವಾಗಲಿಲ್ಲ. ಬಾಳೆಯೆಲೆಯನ್ನು ಎರಡೂ ಕೈಯಲ್ಲಿ ಎತ್ತಿ ಬೈರಮ್ಮನ ಮುಂದೆ ಹಿಡಿದೆ. “ನಿಮ್ಮ ಮೊಮ್ಮಗನ ಊಟ. ಅರ್ಧಕ್ಕ ಎಬ್ಬಿಸಿ ತಂದೀರಿ. ಹಸಿದಿರ್ತಾನ, ಉಣಸ್ರಿ.”

ಅವರು ಕೈ ಹಿಂದಕ್ಕೆ ಎಳೆದುಕೊಂಡರು. ನಾನು ಮುಟ್ಟಿದ ಎಲೆ. ಬೈಲಪ್ಪನವರ ಕುರ್ಚಿಯ ಪಕ್ಕದಲ್ಲಿಟ್ಟು ಬಂದೆ.

“ಸಂಜೆ ಬೀಗ ತರ್ತೀನಿ,” ಎಂದರು ಅವರು. ಮೆತ್ತಗಿನ ದನಿ ಹೋಗಿತ್ತು. “ಸಾಮಾನು ಹೊರಗಿರ್ಲಿ.”

“ನಾವು ಹೋಗಂಗಿಲ್ಲ ಸಾವ್ಕಾರ್ರ.”

ಹನ್ನೊಂದಕ್ಕೆ ನಲ್ಲಿಯಲ್ಲಿ ನೀರು ನಿಂತಿತು. ಓನರ್ ಮನೆಯ ಪಕ್ಕದ ವಾಲ್ವನ್ನು ತಿರುಗಿಸಿದ್ದರು. ನಮ್ಮೊಬ್ಬರಿಗೆ ನಿಲ್ಲಿಸಲು ಬರುವುದಿಲ್ಲವಲ್ಲ, ಹನ್ನೆರಡೂ ಕೋಣೆಗೆ ನಿಲ್ಲಿಸಿದರು. ಭಾನುವಾರ. ಎಲ್ಲರ ಬಟ್ಟೆ ಸಾಬೂನಿನಲ್ಲಿ ನೆಂದಿದ್ದವು. ಯಾರು ಯಾರ ಮೇಲೆ ಬೀಳಬೇಕೆಂದು ಬೈಲಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು.

ನಾನು ಮಗಳನ್ನು ಕೂರಿಸಿಕೊಂಡು ಹೊಸ್ತಿಲಲ್ಲೇ ಕೂತೆ. ಒಳಗೆ ಹೋದರೆ ಹೊರಗಿನಿಂದ ಚಿಲಕ ಹಾಕುತ್ತಾರೆಂಬ ಅನುಮಾನ. ಹೆಂಗಸರು ಒಬ್ಬೊಬ್ಬರೇ ಖಾಲಿ ಕೊಡ ಹಿಡಿದು ಬಂದರು. ಬೈದರು. ಒಂದು ತುತ್ತು ತಿನ್ನಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದರು. ಮುಂಚೆ ಎಲ್ಲರ ಎಂಜಲು ತಿಂದೇ ಬದುಕಿದವರಲ್ಲವೇ ನೀವು ಎಂದಳೊಬ್ಬಳು. ನಾನು ಎಲ್ಲರಿಗೂ ಅದೇ ಹೇಳಿದೆ. ತಲೆ, ದಾರಿ, ನಾಲಿಗೆ. ಗಂಟಲು ಒಣಗಿತು. ಕುಡಿಯಲು ನೀರಿರಲಿಲ್ಲ.

“ಬುದ್ಧಿ ಅದ ಅಂತೀ,” ಎಂದಳು ಜಯಮಾಲಾ. ಸೊಂಟದಲ್ಲಿ ಕೊಡ, ಕಣ್ಣಲ್ಲಿ ಅನುಮಾನ. “ನೋಡೇ ಬಿಡಮ್ಮು. ಏ ಹುಡುಗಿ, ಇಲ್ಲಿರೋ ಚಪ್ಪಲ್ಯಾಗ ನನ್ನ ಮಗಂದು ಯಾವ್ದು?”

ಪ್ರಿಯದರ್ಶಿನಿ ಎದ್ದು ಹೋಗಿ ಚಪ್ಪಲಿ ರಾಶಿಯಿಂದ ನೀಲಿ ಜೋಡಿ ತಂದಿಟ್ಟಳು.

“ಇರ್ಲಿ. ಹಿಂದ ನೀ ಆಡ್ಲಿಕ್ಕ ಬಂದಾಗ ನನ್ನ ಮನ್ಯಾಗ ಹಾಲು ಚೆಲ್ಲಿದವರ್ಯಾರು?”

ಮಗಳು ಜಯಮಾಲಾಳ ಗಂಡನ ಕಡೆ ಬೆರಳು ತೋರಿಸಿದಳು. ಅವನು ಬೆಕ್ಕು ಎಂದು ಹೇಳಿದ್ದನಂತೆ. ಕೊಡ ಹಿಡಿದ ಹೆಂಗಸರೆಲ್ಲ ನಕ್ಕರು. ಇನ್ನೊಬ್ಬಳು ಕೇಳಿದಳು, ಮತ್ತೊಬ್ಬಳು ಕೇಳಿದಳು. ನನ್ನ ಮಗಳಿಗೆ ಇದು ಆಟ. ನನಗೆ ಮೈ ಉರಿಯುತ್ತಿತ್ತು, ಸಂತೆಯಲ್ಲಿ ದನದ ಹಲ್ಲು ಎಣಿಸುವ ಹಾಗೆ ಎಣಿಸುತ್ತಿದ್ದಾರೆ ಎಂದು. ಆದರೂ ತಡೆಯಲಿಲ್ಲ.

ಜಯಮಾಲಾಳ ನಗು ನಿಂತಿತು. ಕೊಡ ಕೆಳಗಿಟ್ಟು ನನ್ನ ಹೊಸ್ತಿಲಲ್ಲಿ ಕುಕ್ಕುರುಗಾಲಲ್ಲಿ ಕೂತಳು.

“ನನ್ನ ತಮ್ಮ ಹಿಂಗೇ ಇದ್ದ,” ಎಂದಳು. “ಎಲ್ಲಾ ತಿಳೀತಿತ್ತು. ಮಾತು ಸಿಕ್ಕಿಹಾಕೊಳ್ಳಾದು. ಆರು ವರ್ಷಕ್ಕ ನಾಲಗಿಗಿ ಬರಿ ಕೊಟ್ರು. ಕಾಯಿಸಿದ ಅರಿಷಿಣಕೊಂಬಿಲೆ. ನಾನೇ ಅವನ ಕಾಲು ಹಿಡಕೊಂಡಿದ್ದೆ.” ತನ್ನ ಎರಡೂ ಕೈ ನೋಡಿಕೊಂಡಳು. “ಅವತ್ತಿಂದ ಬಾಯೇ ತೆಗೆದಿಲ್ಲ. ಈಗ ಇಪ್ಪತ್ತೆಂಟು. ಮಂದಿ ದನ ಕಾಯ್ತಾನ.”

ಆಮೇಲೆ ಕೊನೆಯ ಕೋಣೆಯ ಶಂಶುನ್ನೀಸಾ ಹೇಳಿದಳು, ಅವಳ ಅಕ್ಕನ ಮಗಳು ಶಿವಾಜಿನಗರದಲ್ಲಿದ್ದಾಳೆ, ಮದುವೆಯ ಮಾತು ಬಂದಾಗಲೆಲ್ಲ ಗಂಟಲು ನೋವೆಂದು ಹೇಳಿ ಒಳಗೆ ಕೂರಿಸುತ್ತಾರೆ. ಇನ್ನೊಬ್ಬಳ ಮೈದುನನಂತೆ, ಮತ್ತೊಬ್ಬಳ ಅಣ್ಣನಂತೆ. ಹನ್ನೆರಡು ಕೋಣೆಗಳ ಆ ಸಾಲಿನಲ್ಲಿ ನಾಲ್ಕು ಮನೆಯವರು ಒಬ್ಬೊಬ್ಬರನ್ನು ಎಲ್ಲೆಲ್ಲೋ ಮುಚ್ಚಿಟ್ಟು ಬಂದಿದ್ದರು. ಬೈಯಲು ಬಂದವರು ಕೂತೇ ಇದ್ದರು. ‘ಪ’ ಹೇಳಿಸುವಾಗ ಬೆರಳು ಎಲ್ಲಿಡಬೇಕು ಎಂದು ಜಯಮಾಲಾ ಕೇಳಿದಳು. ತೋರಿಸಿದೆ. ಇಪ್ಪತ್ತೆಂಟಕ್ಕೂ ಬರ್ತದೇನು ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ನಾಲ್ಕು ಗಂಟೆಗೆ ಶ್ವೇತ ಮನೆಯ ಪಕ್ಕದ ಸಂದಿಯಿಂದ ಕೈ ಸನ್ನೆ ಮಾಡಿ ನನ್ನನ್ನು ಕರೆದಳು. ಹೋದೆ. ಅವಳ ಕಾಲ ಬಳಿಯೇ ನೀರಿನ ವಾಲ್ವು ಇತ್ತು.

“ನಾನ್ ನೀರು ಬಿಡ್ತೀನಿ,” ಎಂದಳು ಪಿಸುದನಿಯಲ್ಲಿ. “ಮಾವಂಗೂ ಹೆಂಗೋ ಹೇಳಿ ಒಂದ್ ತಿಂಗಳು ಟೈಮ್ ಕೊಡಿಸ್ತೀನಿ. ನೀನು ಮಾತ್ರ ಕ್ಲಿನಿಕ್ ವಿಷಯ ಎತ್ಬಾರ್ದು. ಪ್ರಾಮಿಸ್ ಮಾಡು.”

ಒಂದು ತಿಂಗಳು. ಆಮೇಲೆ? ಆಮೇಲೆಯೂ ಕಳ್ಳಿ ನನ್ನ ಮಗಳೇ. ಆ ಹೆಸರು ಹೊತ್ತುಕೊಂಡೇ ಅವಳು ಎರಡು ಬೀದಿ ದಾಟಿ ಶಾಲೆಗೆ ಹೋಗಬೇಕು.

ನಾನು ಅಂಗಳದ ಕಡೆ ತಿರುಗಿ ದೊಡ್ಡ ದನಿಯಲ್ಲಿ ಕೂಗಿದೆ: “ಜಯಮಾಲಕ್ಕಾ, ಕೊಡ ತಗೊಂಡು ಬರ್ರಿ ಎಲ್ಲಾರೂ! ಅಕ್ಕಾರು ನೀರು ಬಿಡ್ತಾರಂತ!”

“ಏಯ್, ಸುಮ್ನಿರು!” ಎಂದಳು ಶ್ವೇತ. ತಡವಾಗಿತ್ತು. ಹನ್ನೊಂದು ಹೆಂಗಸರು, ಅವರ ಹಿಂದೆ ಗಂಡಸರು, ಮಕ್ಕಳು ಸಂದಿಯ ತುಂಬ ಬಂದು ನಿಂತಿದ್ದರು. ಅವಳು ಎಲ್ಲರ ಮುಖ ನೋಡಿದಳು. ಬಗ್ಗಿ ವಾಲ್ವು ತಿರುಗಿಸಿದಳು. ಬಿಗಿಯಾಗಿತ್ತು. ಎರಡೂ ಕೈ ಹಾಕಿ ತಿರುಗಿಸಿದಳು. ಅಂಗಳದ ನಲ್ಲಿ ಕೆಮ್ಮಿ ನೀರು ಕಾರಿತು. ಯಾರೂ ನಲ್ಲಿಯ ಕಡೆ ಓಡಲಿಲ್ಲ.

ಮೇಲಿನ ಬಾಲ್ಕನಿಯಿಂದ ಬೈರಮ್ಮ ಕೂಗಿದರು. “ಶ್ವೇತಾ! ಏನೇ ಮಾಡ್ತಿದೀಯಾ ಅಲ್ಲಿ?” ಬೈಲಪ್ಪನವರು ಕೈಯಲ್ಲಿ ಬೀಗ ಹಿಡಿದು ಇಳಿದು ಬಂದರು. ಹಿತ್ತಾಳೆಯ ಹೊಸ ಬೀಗ. ಜನ ದಾರಿ ಬಿಟ್ಟರು.

“ವಾಲ್ವ್ ಯಾರ್ ತಿರುಗ್ಸಿದ್ದು?”

“ನಾನೇ ಮಾವ.”

“ಯಾಕೆ?”

ಶ್ವೇತ ನನ್ನ ಕಡೆ ನೋಡಿದಳು. ನಾನು ಹೇಳಿಬಿಡುತ್ತೇನೆಂದು ಅವಳಿಗೆ ಭಯ. ನಾನು ತುಟಿ ಬಿಚ್ಚಲಿಲ್ಲ. ಹೇಳಿಕೊಡಲೂ ಇಲ್ಲ. ಅದು ಅವಳೇ ಆಡಬೇಕಾದ ಮಾತು. ಅವಳ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಅಂಗಳವೆಲ್ಲ ಕಾಯುತ್ತಿತ್ತು.

“ಮೌರ್ಯಂಗೆ ಮೊದಲಿಂದಾನೇ ಹೀಗೆ ಮಾವ,” ಎಂದಳು ನೆಲ ನೋಡುತ್ತ. “ಒಂದು ವರ್ಷದ ಮೇಲಾಯ್ತು ತೋರಿಸ್ತಿದೀನಿ. ಈ ಮಗು ಏನೂ ಮಾಡಿಲ್ಲ.”

ದನಿ ಎಷ್ಟು ಸಣ್ಣಗಿತ್ತೆಂದರೆ ಹಿಂದಿದ್ದವರಿಗೆ ಮುಟ್ಟಲಿಲ್ಲ.

“ಜೋರಾಗಿ ಹೇಳ್ರಿ ಅಕ್ಕಾರ,” ಎಂದಳು ಜಯಮಾಲಾ. “ಕೇಳಸವಲ್ದು. ಬೆಳಿಗ್ಗಿ ಎಲ್ಲಾರನ್ನೂ ಕರೆದು ಕಳ್ಳಿ ಅಂದೀರಿ. ಈಗೂ ಎಲ್ಲಾರಿಗೂ ಕೇಳ್ಸಂಗ ಹೇಳ್ರಿ.”

ಶ್ವೇತ ತಲೆ ಎತ್ತಿದಳು. ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. ಆ ಸಿಟ್ಟು ನನ್ನ ಮೇಲಿನದೇ ಇರಬಹುದು. ಜೋರಾಗಿ ಹೇಳಿದಳು, ಪ್ರತಿಯೊಂದು ಮಾತನ್ನೂ. ಬಾಲ್ಕನಿಯ ಬಾಗಿಲು ದಢಾರನೆ ಮುಚ್ಚಿಕೊಂಡಿತು.

ಬೈಲಪ್ಪನವರು ಸೊಸೆಯನ್ನು ನೋಡಿದರು, ನಮ್ಮನ್ನು ನೋಡಿದರು. ನನ್ನ ಕಾಲಿಗೆ ಅಂಟಿ ನಿಂತ ಪ್ರಿಯದರ್ಶಿನಿಯನ್ನು ನೋಡಲಿಲ್ಲ. “ಸರಿ, ಸರಿ. ನೀರು ಹಿಡ್ಕೊಂಡು ಹೋಗಿ ಎಲ್ಲಾ,” ಎಂದರು. ಹೆಂಗಸರು ನಲ್ಲಿಯ ಕಡೆ ತಿರುಗಿದರು. ಶಿವಪುತ್ರ ಮಗಳನ್ನು ಹೆಗಲ ಮೇಲೆ ಎತ್ತಿಕೊಂಡ. ಗೆದ್ದೆವು ಎಂದು ಯಾರೋ ನನ್ನ ಬೆನ್ನು ತಟ್ಟಿದರು.

ನಾನು ಬೈಲಪ್ಪನವರ ಕೈಯನ್ನೇ ನೋಡುತ್ತಿದ್ದೆ. ಅವರು ಬೀಗವನ್ನು ಎಸೆಯಲಿಲ್ಲ. ಕೀಲಿಕೈಯ ಸಮೇತ ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದರು.